ಹನ್ನೊಂದು ಇಂಚಿನ ಕನ್ನಡಕ

ಪೆಟ್ಟಿಗೆಯ ಮುಚ್ಚಳ ತೆಗೆದ ಟೀಚರಮ್ಮ ಒಂದು ಕನ್ನಡಕ ಎತ್ತಿ ತಿರುಗಿಸಿ ನೋಡಿದರು. ಪಟ್ಟಿಯ ಲೆಕ್ಕಕ್ಕೆ ಇನ್ನೂರ ನಲವತ್ತು ಕನ್ನಡಕಗಳು, ಬಣ್ಣದ ಪ್ರಕಾರ ಸಾಲಾಗಿ ಮಲಗಿದ್ದವು. ಕೆಂಪಿನ ಪಕ್ಕ ಕೆಂಪು, ನೀಲಿಯ ಪಕ್ಕ ನೀಲಿ, ಚಿನ್ನದ ಬಣ್ಣದವು ಎಲ್ಲಕ್ಕಿಂತ ಮೇಲೆ. ಗಾಜುಗಳು ಫಳಫಳ ಹೊಳೆಯುತ್ತಿದ್ದವು. ಒಂದರ ಮೇಲೂ ಪವರಿನ ಚೀಟಿ ಇರಲಿಲ್ಲ.

“ಚೀಟಿಗಳೆಲ್ಲಿ?”

“ಬರುವಾಗ ಬಸ್ಸಲ್ಲೇ ಕಿತ್ತುಬಿಟ್ವಿ ಅತ್ತಿಗೆ,” ಎಂದಳು ನಾದಿನಿ, ಹೊಗಳಿಕೆಗೆ ಕಾದವಳಂತೆ. “ಹಾಡೋ ಗುಂಪಿನವರೆಲ್ಲ ಸೇರಿ ಒರೆಸಿ, ಚೆಂದವಾಗಿ ಜೋಡಿಸಿದ್ವಿ. ಉಡುಗೊರೆ ಕೊಡುವಾಗ ಬೆಲೆಚೀಟಿ ಹಾಗೇ ಬಿಡ್ತಾರಾ ಯಾರಾದ್ರೂ?”

“ಅದು ಬೆಲೆಯಲ್ಲ ತಾಯಿ. ಪವರು.”

“ಎರಡೂವರೆ, ಮೂರು ಅಂತಿತ್ತು. ಇಷ್ಟು ಅಗ್ಗಕ್ಕೆ ಹೇಗೆ ಸಿಕ್ತು ಅಂತ ನಾವೂ ಮಾತಾಡ್ಕೊಂಡ್ವಿ.”

ಟೀಚರಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರದ ಪ್ರಯೋಗಗಳನ್ನು ಮಾಡಿಸಿ ನಿವೃತ್ತರಾದವರು. ಚರ್ಚಿನ ಸೇವಾತಂಡದಲ್ಲಿ ಒಂಬತ್ತು ಜನ, ನಾಲ್ಕು ದಿನದ ಕೆಲಸ. ಗುಜರಿ ಗೋದಾಮುಗಳ ಹಿಂದಿನ ಈ ತಗಡಿನ ಮನೆಗಳ ಬಡಾವಣೆಯಲ್ಲಿ ಮೊದಲ ದಿನ ನೀರಿನ ತೊಟ್ಟಿ ತೊಳೆದರು, ಎರಡನೆಯ ದಿನ ಶಾಲೆಯ ಕೋಣೆಗೆ ಸುಣ್ಣ ಹೊಡೆದರು. ಇವತ್ತು ಅದೇ ಶಾಲೆಯಲ್ಲಿ ಕನ್ನಡಕ ಹಂಚುವುದು. ನಾಳೆ ಮಧ್ಯಾಹ್ನ ವಾಪಸು ಬಸ್ಸು. ಹೊರಗೆ ನೂರಕ್ಕೂ ಹೆಚ್ಚು ಜನ ಒಂದು ದಿನದ ಕೆಲಸ ಬಿಟ್ಟು ಸಾಲಿನಲ್ಲಿ ನಿಂತಿದ್ದರು.

“ಒಂದೊಂದಾಗಿ ಹಾಕಿ ನೋಡಲಿ, ಹೊಂದಿದ್ದು ಅವರದ್ದು,” ಎಂದರು ಪಾಸ್ಟರು.

“ಹತ್ತು ಹಾಕುವಷ್ಟರಲ್ಲಿ ಕಣ್ಣು ಸುಸ್ತಾಗಿ ಸುಳ್ಳು ಹೇಳೋಕೆ ಶುರು ಮಾಡುತ್ತೆ, ಪಾಸ್ಟರೇ. ಆಮೇಲೆ ಎಲ್ಲರಿಗೂ ಚಿನ್ನದ ಬಣ್ಣದ್ದೇ ಹೊಂದುತ್ತೆ.”

ಸಾಲಿನ ಮುಂದೆ ನಿಂತಿದ್ದಾಕೆ ಹೊಲಿಗೆಯಮ್ಮ. ಅರವತ್ತು ದಾಟಿದ್ದ ಹೆಂಗಸು, ಬೆಳಗ್ಗೆ ಆರಕ್ಕೇ ಬಂದು ಜಾಗ ಹಿಡಿದಿದ್ದಳು. ಒಳಗಿನ ಗುಸುಗುಸು ಕೇಳಿ ಹೊಸಿಲಲ್ಲಿ ಇಣುಕಿದಳು.

“ಏನಮ್ಮ, ಕೊಡಲ್ವಾ? ಇಲ್ಲ ಅಂದ್ರೆ ಇಲ್ಲ ಅನ್ನಿ. ಸೊಸೆ ದಿನಾ ಕೆಲಸಕ್ಕೆ ಹೋಗೋ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೋಗ್ತಾಳೆ. ಹತ್ತು ಮುಗಿದ್ರೆ ನನ್ನ ದಿನ ಮುಗೀತು. ನಾಳೆ ಹೊಲಿಗೆ ಮಷೀನು ಕೊಂಡ್ಕೊಳ್ಳೋಕೆ ಒಬ್ಬ ಬರ್ತಾನೆ. ಇವತ್ತು ಕಣ್ಣು ಸಿಕ್ಕಿದ್ರೆ ಬೇಡಪ್ಪ ಅಂದುಬಿಡ್ತೀನಿ. ಇಲ್ಲಾಂದ್ರೆ ಕೊಟ್ಟುಬಿಡೋದು.”

ನಾದಿನಿಯ ಮುಖ ಸಣ್ಣದಾಯಿತು. ಟೀಚರಮ್ಮ ಕಣ್ಣು ಮುಚ್ಚಿದರು. ಕೈಕಾಲು ಆಡದಂತಾದಾಗ ಅವರ ಪ್ರಾರ್ಥನೆ ಯಾವಾಗಲೂ ಒಂದೇ ಸಾಲಿನದು: ಕರ್ತನೇ, ನನಗೆ ಗೊತ್ತಿರುವುದನ್ನೇ ನನಗೆ ನೆನಪಿಸು.

ಕಣ್ಣು ತೆರೆದಾಗ ಕೈಯಲ್ಲಿದ್ದ ಕನ್ನಡಕದ ಮೂಲಕ ಬಾಗಿಲಿನ ಬೆಳಕು ಹಾದು ಸುಣ್ಣದ ಗೋಡೆಯ ಮೇಲೆ ಮಸುಕಾಗಿ ಬಿದ್ದಿತ್ತು. ಅವರು ಕನ್ನಡಕವನ್ನು ಗೋಡೆಯತ್ತ ಮೆಲ್ಲಗೆ ಸರಿಸಿದರು. ಮಸುಕು ಗಟ್ಟಿಯಾಯಿತು. ಅಂಗೈಗಿಂತ ಚಿಕ್ಕದಾಗಿ, ಬಣ್ಣದ ಸಮೇತ, ದೂರದ ನೀರಿನ ಟ್ಯಾಂಕು ತಲೆಕೆಳಗಾಗಿ ಗೋಡೆಯ ಮೇಲೆ ನಿಂತಿತು.

“ಕಿಟಕಿ ಮುಚ್ರಿ,” ಎಂದರು. ಅವರ ದನಿಯಲ್ಲಿ ಪ್ರಯೋಗಾಲಯ ಬಂದಿತ್ತು. “ಗೋಡೆ ಮೇಲೆ ಟ್ಯಾಂಕು ಸ್ಪಷ್ಟವಾಗಿ ಕಾಣುವಾಗ ಕನ್ನಡಕದಿಂದ ಗೋಡೆಗೆ ಎಷ್ಟು ದೂರ ಅಂತ ಅಳೆದರೆ ಸಾಕು, ಪವರು ತಾನೇ ಗೊತ್ತಾಗುತ್ತೆ. ದೂರ ಕಮ್ಮಿಯಾದಷ್ಟೂ ಪವರು ಜಾಸ್ತಿ. ಉದ್ದದ ಟೇಪು ಯಾರ ಹತ್ರ ಇದೆ?”

ಹೊಲಿಗೆಯಮ್ಮ ಕೊರಳಿಗೆ ಕೈ ಹಾಕಿದಳು. ಅಳತೆಪಟ್ಟಿ ಅಲ್ಲೇ ನೇತಾಡುತ್ತಿತ್ತು. ಅಂಕಿಗಳು ಕಾಣದಾದ ಮೇಲೆ ಇಂಚಿಗೊಂದು ದಾರದ ಗಂಟು ಹಾಕಿಕೊಂಡಿದ್ದಳಂತೆ. ಐದಕ್ಕೊಂದು ದಪ್ಪ ಗಂಟು.

“ನಂದೇ ಟೇಪು, ನಂದೇ ಬೆರಳು. ನೀವು ನಿಲ್ಲು ಅನ್ನಿ, ನಾನು ಇಂಚು ಹೇಳ್ತೀನಿ.”

ಹಾಗೆ ಕೆಲಸ ಶುರುವಾಯಿತು. ನಾದಿನಿ ಕನ್ನಡಕ ಹಿಡಿದು ಹಿಂದೆ ಮುಂದೆ ಸರಿಯುವುದು, ಟೀಚರಮ್ಮ ಗೋಡೆಯ ಮೇಲಿನ ಟ್ಯಾಂಕು ನೋಡಿ “ನಿಲ್ಲು” ಎನ್ನುವುದು, ಹೊಲಿಗೆಯಮ್ಮನ ಬೆರಳು ಗಂಟಿನಿಂದ ಗಂಟಿಗೆ ಓಡುವುದು.

“ಇಪ್ಪತ್ತು.”

“ಅಂದ್ರೆ ಎರಡು ಪವರು.”

“ನಿಮ್ಮ ಪವರು ನೆನಪಿರಲ್ಲ ನಂಗೆ. ಇಪ್ಪತ್ತಂದ್ರೆ ಹೆಣ್ಣುಮಗು ಲಂಗದ ಉದ್ದ. ಲಂಗದ ಡಬ್ಬಿ ಅಂತ ಮಾಡಿ.”

ಮೂವತ್ತೊಂಬತ್ತೂವರೆ ಬಂದರೆ ಪ್ಯಾಂಟು. ಇಪ್ಪತ್ತಾರು ಬಂದರೆ ಅಂಗಿ. ಹದಿನಾರು ಫ್ರಾಕು, ಹದಿಮೂರು ಕೂಸಿನ ಜುಬ್ಬ. ಪಾಸ್ಟರು ರಟ್ಟಿನ ಮೇಲೆ ಅದನ್ನೇ ಬರೆದು ಡಬ್ಬಿಗಳಿಗೆ ಅಂಟಿಸಿದರು. ಟೀಚರಮ್ಮ ಮೊದಲು ಹುಬ್ಬು ಗಂಟಿಕ್ಕಿದರು. ಒಂದೇ ಕನ್ನಡಕವನ್ನು ಹೇಳದೆ ಕೇಳದೆ ಮೂರು ಸಲ ಕೊಟ್ಟು ಪರೀಕ್ಷಿಸಿದರು. ಮೂರು ಸಲವೂ ಹದಿನಾರೇ ಬಂತು. ಆಮೇಲೆ ಅವರೂ “ಫ್ರಾಕು” ಎನ್ನತೊಡಗಿದರು.

ಸಾಲಿನವರು ಬಾಗಿಲ ಎರಡೂ ಪಕ್ಕ ಮುತ್ತಿಕೊಂಡಿದ್ದರು. ಗೋಡೆಯ ಮೇಲೆ ಬೀದಿಯೇ ತಲೆಕೆಳಗಾಗಿ ನಡೆಯುತ್ತಿತ್ತು. ಗಾಡಿ ರಿಪೇರಿಯವನ ಹೆಂಡತಿ ಅವನನ್ನು ಅಂಗಳದ ಆಚೆಗೆ ಕಳಿಸಿ, “ಆ ಕಡೆ ನಡೀರಿ, ಈ ಕಡೆ ಬನ್ನಿ” ಎಂದು ಕುಣಿಸಿದಳು.

“ತಲೆಕೆಳಗಾದ್ರೆ ನಮ್ಮ ಯಜಮಾನ್ರು ಎಷ್ಟು ಚೆನ್ನಾಗಿ ಕಾಣ್ತಾರೆ ನೋಡಿ. ಹೊಟ್ಟೆನೇ ಇಲ್ಲ.”

“ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಮರ್ಯಾದೆ ತೆಗೀತೀಯಾ?” ಎಂದು ಅವನು ಅಲ್ಲಿಂದಲೇ ಕೂಗಿದ. ಗೋಡೆಯ ಮೇಲೆ ಅವನ ಪುಟ್ಟ ಕೈ ಕೆಳಮುಖವಾಗಿ ಬೀಸಾಡಿತು. ಕೋಣೆ ನಕ್ಕು ನಕ್ಕು ಸುಸ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳು ತುಂಬಿದವು. ಇನ್ನೊಂದು ಕೋಣೆಯಲ್ಲಿ ತಂಡದವರು ಕಣ್ಣು ಪರೀಕ್ಷೆಯ ಚುಕ್ಕಿಗಳ ಕಾರ್ಡು ಹಿಡಿದು ಒಬ್ಬೊಬ್ಬರನ್ನೇ ಕೂರಿಸಿ ಕನ್ನಡಕ ಕೊಡತೊಡಗಿದರು. ಗಾಡಿ ರಿಪೇರಿಯವನು ಕನ್ನಡಕ ಹಾಕಿಕೊಂಡು ಗಂಭೀರವಾಗಿ ಹೊರಬಂದ.

“ಏನು ಬಂತು?” ಎಂದರು ಸಾಲಿನವರು.

“ಲಂಗ,” ಎಂದ, ಮುಖ ತಗ್ಗಿಸದೆ.

ಆದರೆ ಯಾವ ಪವರಿನವು ಎಷ್ಟು ಎಂದು ಕೊಂಡಾಗಲೇ ಬರೆದಿಟ್ಟಿದ್ದ ಟೀಚರಮ್ಮನ ಪಟ್ಟಿಯಲ್ಲಿ ಇನ್ನೂ ಒಂದು ಸಾಲು ಖಾಲಿ ಇತ್ತು. ಮೂರೂವರೆ ಪವರಿನವು ಐದು ಇರಬೇಕಿತ್ತು. ಹನ್ನೊಂದು ಇಂಚು ಒಂದು ಸಲವೂ ಬಂದಿರಲಿಲ್ಲ. ಹೊಲಿಗೆಯಮ್ಮನಿಗೆ ಕೂಸಿನ ಜುಬ್ಬದ ಡಬ್ಬಿಯಿಂದ ಕೊಟ್ಟು ನೋಡಿದರು. ಅವಳು ಸೂಜಿ ಹಿಡಿದು, ದಾರ ನೆಕ್ಕಿ, ನಾಲ್ಕು ಸಲ ಪ್ರಯತ್ನಿಸಿ ಕೈ ಇಳಿಸಿದಳು.

“ಮುಂಚಿಗಿಂತ ವಾಸಿ. ಸೂಜಿ ಕಾಣುತ್ತೆ, ಕಣ್ಣು ಕಾಣಲ್ಲ. ಪರವಾಗಿಲ್ಲ ಬಿಡಿ. ಮಷೀನಿಗೂ ವಯಸ್ಸಾಯ್ತು.” ಬೆಳಗಿನಿಂದ ಇಂಚು ಕೂಗುತ್ತಿದ್ದ ಆ ದನಿ ಮೊದಲ ಸಲ ತಗ್ಗಿತು.

ಟೀಚರಮ್ಮ ಡಬ್ಬಿಗಳನ್ನು ಮತ್ತೆ ಎಣಿಸಿದರು. ಕೊಟ್ಟಿದ್ದೂ ಸೇರಿ ಇನ್ನೂರ ಮೂವತ್ತೈದು.

“ಅತ್ತಿಗೆ,” ಎಂದಳು ನಾದಿನಿ, ನೆಲ ನೋಡುತ್ತ. “ಇನ್ನೊಂದು ವಿಷಯ ಹೇಳ್ಬೇಕು.”

“ಹೇಳು. ಗಾಜನ್ನೂ ಕಿತ್ಯಾ?”

“ಐದು ಕನ್ನಡಕ ನನ್ನ ಚೀಲದಲ್ಲಿವೆ. ಕರ್ರಗೆ, ದಪ್ಪಗೆ, ನೋಡೋಕೇ ಆಗ್ತಿರ್ಲಿಲ್ಲ. ಬಡವರು ಅಂತ ಇಂಥದ್ದು ಕೊಟ್ರು ಅಂದ್ಕೊಳ್ತಾರೆ ಅಂತ ತೆಗೆದಿಟ್ಟಿದ್ದೆ.”

ಟೀಚರಮ್ಮನಿಗೆ ಬೈಯಬೇಕೋ ಮುದ್ದು ಮಾಡಬೇಕೋ ತಿಳಿಯಲಿಲ್ಲ. “ಓಡು,” ಎಂದರು.

ಕರಿಯ ಕನ್ನಡಕ ಗೋಡೆಯ ಹತ್ತಿರ ಹತ್ತಿರ ಹೋಗಿ ನಿಂತಿತು. ಪುಟಾಣಿ ಟ್ಯಾಂಕು ಮೂಡಿತು. ಹೊಲಿಗೆಯಮ್ಮನ ಬೆರಳು ದಪ್ಪ ಗಂಟು ದಾಟಿ, ಇನ್ನೊಂದು ದಪ್ಪ ಗಂಟು ದಾಟಿ, ಮುಂದಿನ ಸಣ್ಣ ಗಂಟಿನ ಮೇಲೆ ಕೂತಿತು.

“ಹನ್ನೊಂದು,” ಎಂದಳು. “ಇದು ಬೊಂಬೆ ಬಟ್ಟೆ.”

ಅದನ್ನು ಮೂಗಿಗೇರಿಸಿಕೊಂಡು ಸೂಜಿ ಎತ್ತಿದಳು. ದಾರ ಮೊದಲ ಸಲಕ್ಕೇ ಆಚೆ ಹೋಯಿತು. ಬಿಚ್ಚಿ ಮತ್ತೆ ಪೋಣಿಸಿದಳು. ಮೂರನೆಯ ಸಲ ಯಾರೂ ಕೇಳದಿದ್ದರೂ ಪೋಣಿಸಿದಳು. ನಂತರ ನಾದಿನಿಯ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

“ಈ ತೋಳಿನ ಹೊಲಿಗೆ ಹಾಕಿದ್ಯಾರು?”

“ಅಂಗಡಿದು.”

“ಯಾವ ಪುಣ್ಯಾತ್ಮ? ಹಾವು ಹೋದ ಹಾಗಿದೆ. ಅಲ್ಲಾಡಬೇಡ, ಬಿಚ್ಚಿ ಸರಿಮಾಡ್ತೀನಿ.”

“ಪ್ರಾರ್ಥನೆಗೆ ಹೊತ್ತಾಯ್ತಮ್ಮ,” ಎಂದರು ಪಾಸ್ಟರು ನಗುತ್ತ.

“ನೀವು ಮಾಡಿ, ನಾನೂ ಇಲ್ಲೇ ಇರ್ತೀನಲ್ಲ. ಆ ದೇವರಿಗೆ ನನ್ನ ಕಡೆಯಿಂದಲೂ ಹೇಳಿ. ಮಷೀನಿಗೆ ಬರೋನಿಗೆ ಮಾತ್ರ ನಾನೇ ಹೇಳ್ತೀನಿ.”

“ಎಲ್ಲರೂ ಕಣ್ಣು ಮುಚ್ಚಿ,” ಎಂದರು ಪಾಸ್ಟರು. ಕೋಣೆಯಲ್ಲಿ ಹೊಸ ಕನ್ನಡಕಗಳೆಲ್ಲ ತಗ್ಗಿದವು.

“ಇವತ್ತೊಂದು ದಿನ ನಾನು ಮುಚ್ಚಲ್ಲ,” ಎಂದಳು ಹೊಲಿಗೆಯಮ್ಮ ಮೆಲ್ಲಗೆ, ದಾರ ಎಳೆಯುತ್ತ.

ಟೀಚರಮ್ಮನೂ ಮುಚ್ಚಲಿಲ್ಲ. ಕರಿಯ ಚೌಕಟ್ಟಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದ ಆ ಎರಡು ಕಣ್ಣುಗಳು ಒಂದೊಂದೇ ಹೊಲಿಗೆಯ ಬೆನ್ನು ಹತ್ತಿ ಸಾಗುವುದನ್ನು ನೋಡುತ್ತ, ಪ್ರಾರ್ಥನೆ ಮುಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದರು.