ಒಂದು ಮೊರ ತೌಡು

ಕಮಟು, ಹಳೇ ತೌಡಿನ ಕಮಟು, ಕಲಾಯಿಯವರ ಮನೆಯ ರುಬೀನಾ ಪ್ಲಾಸ್ಟಿಕ್ ಚೀಲವನ್ನು ಹಲ್ಲಿನಿಂದ ಹರಿದದ್ದೇ ತಡ ಹಿತ್ತಿಲಿಡೀ ಹಬ್ಬಿತು, ತೌಡಯ್ಯನ ಗಂಟಲಿಗೆ ಬಂದು ಕೂತಿತು, ಅಥವಾ ಹುಟ್ಟಿದಂದಿನಿಂದ ಅಲ್ಲೇ ಕೂತಿದ್ದುದು ಈಗ ಮೈಮುರಿದು ಎದ್ದಿತು, ಥೂ— ತಿಪ್ಪೆಯ ಮೇಲೆ ಮೊರ, ಮೊರದಲ್ಲಿ ಹಳೇ ಸೀರೆಯ ಸುತ್ತಿನೊಳಗೆ ಮೊಮ್ಮಗ, ಎರಡು ಕೂಸು ಮಣ್ಣಿಗೆ ಹೋದ ಮೇಲೆ ಹುಟ್ಟಿದ ಮೂರನೆಯದು, ನೊಣಗಳು ಆಗಲೇ ಅದರ ತುಟಿ ಹುಡುಕುತ್ತಿವೆ, ಸಗಣಿಯ ಹಸಿ ಬಿಸಿ ಕಾಲ್ಬೆರಳ ಸಂದಿಗೆ ಏರುತ್ತಿದೆ, ಸಾವಿನ ಕಣ್ಣು ಕಟ್ಟಲು ಇದೆಲ್ಲ, ಕೂಸನ್ನು ಕಸವೆಂದು ಎಸೆಯಬೇಕು, ಪರರ ಮನೆಯವರು ತೌಡು ಕೊಟ್ಟು ಕೊಳ್ಳಬೇಕು, ಸಾವು ಬಂದು ಬಾಗಿಲು ಬಡಿದರೆ ನಮ್ಮದಲ್ಲ, ಮಾರಿಬಿಟ್ಟೆವು ಎನ್ನಬೇಕು, ಆಮೇಲೆ ತೌಡಿನ ಹೆಸರನ್ನೇ ಕಿವಿಗೆ ಊದಬೇಕು, ಊದಬೇಕಾದವನು ತಾನು, ಯಾಕೆಂದರೆ ಸೊಸೆ ನಂದಿತಾ ನಿನ್ನೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿಬಿಟ್ಟಳು, ಮಾವ, ಆ ಹೆಸರಿಂದ ನೀವು ಉಳಿದ್ರಿ, ಇದೂ ಉಳೀಲಿ. ಉಳಿದದ್ದೇನೋ ಹೌದು, ಹೇಗೆ ಉಳಿದೆನೆಂದು ಯಾರು ಕೇಳಿದರು, ಸರಗೂರಿನ ಶಾಲೆಯ ಅಂಗಳ, ಲೇ ತೌಡಾ, ಎಮ್ಮೆ ಬತ್ತಾವೆ ಓಡ್ಲಾ, ನೆಕ್ಬುಟ್ಟಾವು, ಮೇಷ್ಟರೂ ಮೀಸೆಯಡಿ ನಗುತ್ತಿದ್ದರು, ಮದುವೆಯ ಕರೆಯೋಲೆಯಲ್ಲಿ ಮಾವನವರು ಹೆಸರನ್ನೇ ಬದಲಿಸಿ ಅಚ್ಚು ಹಾಕಿಸಿದ್ದರು, ಈಗ ಮಗ ಕುಮಾರ, ಅಗೋ, ಬೇಲಿಯ ಬಳಿ ಫೋನು ಹಿಡಿದು ನೆಂಟರಿಗೆ ಬೊಗಳೆ ಬಿಡುತ್ತಿದ್ದಾನೆ, ಭಾರೀ ಹಳೇ ಹೆಸರು ಕಣ್ರೀ, ಬಿರುಗಾಳಿ ತಡೆಯೋನು ಅಂತ ಅರ್ಥ, ಈ ಫೋನಲ್ಲೇ ಐತೆ ನೋಡಿ— ಹೇಸಿಗೆಗೆ ಅತ್ತರು ಬಳಿದರೆ ಎರಡು ಹೇಸಿಗೆ, ಬಿರುಗಾಳಿಯಂತೆ, ಎಮ್ಮೆಯ ಮೂತಿಗೆ ಅಂಟಿ ಜೊಲ್ಲಿನ ಜೊತೆ ಇಳಿಯುವ ವಸ್ತು ನಾನು, ಅದನ್ನು ಹೇಳೋ. ತಾನು ಹುಟ್ಟಿದಾಗ ಹೀಗೇ ತೌಡು ಕೊಟ್ಟು ತನ್ನನ್ನು ಕೊಂಡವಳು ಇದೇ ರುಬೀನಾಳ ಅಜ್ಜಿ, ಕಲಾಯಿ ಹಾಕುವವರ ಮನೆಯ ಗುಲ್ಜಾರ್ ಬೀ, ಪಾಪ, ಬೀದಿಯಲ್ಲಿ ಕಂಡಾಗೆಲ್ಲ ಮೇರಾ ಬೇಟಾ ಎಂದು ಗಲ್ಲ ಹಿಂಡುತ್ತಿದ್ದಳು, ಹೆತ್ತವಳು ಮಾತ್ರ ಆ ಆಟವನ್ನು ನಿಲ್ಲಿಸಲೇ ಇಲ್ಲ, ಮಗಾ ಎಂದು ಒಮ್ಮೆಯೂ ಕರೆಯಲಿಲ್ಲ, ಜ್ವರ ಬಂದರೆ ಗೋಡೆಯ ಕಡೆ ತಿರುಗಿ ಗಂಜಿ ಮುಂದೆ ತಳ್ಳುತ್ತಿದ್ದಳು, ಯಾರಾದರೂ ಹೈದ ಚೆನ್ನಾಗವ್ನೆ ಅಂದರೆ ನಮ್ದಲ್ಲ ಬುಡಿ, ತೌಡಿಗೆ ಬಂದದ್ದು— ಕೋಟೆಯ ತಾಲೂಕು ಆಸ್ಪತ್ರೆಯಲ್ಲಿ ಅವಳ ಕೊನೆಯ ಬೆಳಗ್ಗೆ, ಡೆಟಾಲು, ಉಚ್ಚೆ, ಕೊಳೆತ ಬಾಳೆಹಣ್ಣು, ಅವ್ವಾ ನಾನು ಕಣವ್ವಾ ಎಂದು ಬಾಗಿದರೆ ಗೋಡೆಯತ್ತ ಹೊರಳಿದಳು, ನರ್ಸಮ್ಮ ಮಗನಾ ಎಂದು ಕೇಳಿದ್ದಕ್ಕೆ ಅಲ್ಲ ಕಣವ್ವಾ, ಯಾರ ಮನೇವ್ನೋ, ಎಂದಳು, ಸಾವು ಮಂಚದ ಕಾಲಿಗೆ ಬಂದು ನಿಂತಿದ್ದರೂ ಮೋಸವೇ, ಆದರೆ ಬೆನ್ನ ಹಿಂದೆ ಅವಳ ಕೈ, ಇವನ ಅಂಗಿಯ ಚುಂಗನ್ನು ಹಿಡಿದ ಆ ಮುಷ್ಟಿ, ಪ್ರಾಣ ಹೋದ ಮೇಲೂ ಬಿಡದ್ದು, ನರ್ಸಮ್ಮ ಒಂದೊಂದೇ ಬೆರಳು ಬಿಡಿಸಿದ್ದು, ಅದನ್ನು ಮುದುಕಿಯ ಸೆಡೆತವೆಂದೇ ತಿಳಿದು ಅಂಗಿಯನ್ನು ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದದ್ದು. ಇನ್ಮೇಲೆ ಇದು ನಮ್ದು ಕಣಜ್ಜಾ, ವಾಪಸ್ ಕೇಳಂಗಿಲ್ಲ, ರುಬೀನಾ ನಗುತ್ತ ತೌಡು ಸುರಿದಳು, ಸಾಕಕ್ಕೆ ನಿಮ್ಮನೇಲೇ ಬುಟ್ಟಿರ್ತೀನಿ, ಹಿತ್ತಿಲು ನಕ್ಕಿತು, ಧೂಳು ಎದ್ದು ಹುಬ್ಬಿಗೂ ಹಲ್ಲಿಗೂ ಅಂಟಿತು, ಹೇಳಿ ಮಾವ, ಬೇಗ, ಎಂದಳು ನಂದಿತಾ, ಹೇಳಲಾರೆ, ಈ ಜೊಲ್ಲನ್ನು ಆ ಎಳೆಗಿವಿಗೆ ಸುರಿಯಲಾರೆ ಎಂದು ತಲೆ ಎತ್ತಿದರೆ— ಅವಳು ಅತ್ತ ತಿರುಗಿ ನಿಂತಿದ್ದಾಳೆ, ದನದ ಕೊಟ್ಟಿಗೆಯ ಗೋಡೆ ನೋಡುತ್ತ, ನಮ್ದಲ್ಲ, ನಮ್ದಲ್ಲ, ಎಂದು ಯಾರಿಗೋ ಕೇಳಲೆಂಬಂತೆ ಹೇಳುತ್ತ, ಕೈ ಮಾತ್ರ ಹಿಂದಕ್ಕೆ ಬಂದು ಮೊರದ ಅಂಚು ದಾಟಿ ಸೀರೆಯ ಸುತ್ತನ್ನು ಹಿಡಿದಿದೆ, ಗೆಣ್ಣುಗಳು ಬಿಳಿಚಿವೆ. ಮೊಣಕಾಲು ತಿಪ್ಪೆಯಲ್ಲಿ ಹೂತುಹೋಯಿತು, ಹಲ್ಲಿಗಂಟಿದ ತೌಡನ್ನು ನುಂಗಿದ, ಎಳೆಗಿವಿಗೆ ಬಾಗಿ ತೌಡಯ್ಯ ಎಂದ, ಹೆಸರು ಒಣಗಿ ಅಂಗುಳಿಗೆ ಅಂಟಿತು, ಮತ್ತೆ ಅಂದ, ಗೋಡೆಯ ಕಡೆ ಮುಖ, ಬೆನ್ನ ಹಿಂದೆ ಕೈ, ಅಂಗಿಯ ಚುಂಗು, ಒಂದೊಂದೇ ಬೆರಳು, ಆ ಮುಷ್ಟಿ, ಆ ಮುಷ್ಟಿ—