ಹಂಸಲೀಲಾ ಆರತಿ ಎತ್ತಿದ ದಿನ

ಸಿನಿಮಾ ನಟಿ ಹಂಸಲೀಲಾ ಪಿಳ್ಳಮ್ಮನ ಗುಡ್ಲಿನ ಮುಂದೆ ನಿಂತು ಆರತಿ ಎತ್ತಿದ ಸಂಗತಿ ನಂದಗುಡಿ ಸುತ್ತಿನ ಹತ್ತೂರಿಗೆ ಗೊತ್ತು. ಗೊತ್ತಿಲ್ಲದವರು ಸಿಕ್ಕರೆ ಪಿಳ್ಳಮ್ಮನ ಅಪ್ಪ ಸೊಣ್ಣಪ್ಪ ಸಂತೆಯಲ್ಲಿ ನಿಲ್ಲಿಸಿಕೊಂಡು ಮೊದಲಿನಿಂದ ಹೇಳುತ್ತಿದ್ದ. ಕೇಳಿದವರು ಹುಡುಗಿಯ ಅದೃಷ್ಟವನ್ನು ಕೊಂಡಾಡಿ ಮುಂದೆ ಹೋಗುತ್ತಿದ್ದರು. ಆ ಅದೃಷ್ಟ ಎಂಥದ್ದಮ್ಮ ಎಂದು ಪಿಳ್ಳಮ್ಮನನ್ನು ಮಾತ್ರ ಯಾವ ಪುಣ್ಯಾತ್ಮನೂ ಕೇಳಲಿಲ್ಲ.

ಅದು ಅರವತ್ತಾರನೇ ಇಸವಿ. ಪಿಳ್ಳಮ್ಮನಿಗೆ ಹದಿಮೂರು ವರ್ಷ, ಏಳನೇ ಕ್ಲಾಸು. ಮಾರ್ಚಿ ತಿಂಗಳಲ್ಲಿ ಪಬ್ಲಿಕ್ ಪರೀಕ್ಷೆ. ಪಾಸಾದರೆ ಹೊಸಕೋಟೆಯ ಹೈಸ್ಕೂಲು. ಈ ಹುಡುಗಿ ಪಾಸಾಗದಿದ್ದರೆ ನಾನು ಸೀಮೆಸುಣ್ಣ ಮುಟ್ಟುವುದಿಲ್ಲ ಎಂದು ಗೋಪಾಲಪ್ಪ ಮೇಷ್ಟ್ರು ಊರ ಮುಂದೆ ಹೇಳಿದ್ದರು. ಸೊಣ್ಣಪ್ಪನದು ಮಾತ್ರ ಒಂದೇ ಮಾತು. ಮೈನೆರೆಯುವ ತನಕ ಸ್ಕೂಲು, ನೆರೆದ ಮೇಲೆ ಆಂಜಿನಪ್ಪ. ಆಂಜಿನಪ್ಪ ಎಂದರೆ ಪಿಳ್ಳಮ್ಮನ ಸೋದರಮಾವ, ತಾಯಿ ಮುನಿವೆಂಕಟಮ್ಮನ ಸ್ವಂತ ತಮ್ಮ. ಇಪ್ಪತ್ತೊಂಬತ್ತು ವರ್ಷದವನು. ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವನಿಗೆ ಎಂದು ಮಾತಾಗಿತ್ತು. ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು.

ಪಿಳ್ಳಮ್ಮ ಧನುರ್ಮಾಸದಲ್ಲೇ ದೊಡ್ಡವಳಾಗಿದ್ದಳು. ಯಾರಿಗೂ ಹೇಳಲಿಲ್ಲ. ಬಟ್ಟೆಯನ್ನು ತೋಟದ ಬಾವಿಯಲ್ಲಿ ಕದ್ದು ಒಗೆದು, ಹುಲ್ಲಿನ ಬಣವೆಯ ಸಂದಿಯಲ್ಲಿ ಒಣಗಿಸಿ, ಏನೂ ಆಗದವಳಂತೆ ಸ್ಲೇಟು ಹಿಡಿದು ಹೋಗಿದ್ದಳು. ಮುಟ್ಟಬಾರದ ದಿನಗಳಲ್ಲಿ ಅಡುಗೆಮನೆಯನ್ನೆಲ್ಲ ಮುಟ್ಟಿದ್ದಳು. ದೇವರ ಗೂಡಿನ ಮುಂದೆ ಹಾದುಹೋಗುವಾಗ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಪರೀಕ್ಷೆ ಒಂದು ಮುಗಿಯಲಿ, ಆಮೇಲೆ ಎರಡರಷ್ಟು ತಪ್ಪುಕಾಣಿಕೆ ಕಟ್ಟುತ್ತೇನೆ ಎಂದು ಬೇಡಿಕೊಂಡಿದ್ದಳು. ಪರೀಕ್ಷೆ ಮುಗಿದರೂ ಅಪ್ಪ ಹೊಸಕೋಟೆಗೆ ಕಳಿಸುವವನಲ್ಲ ಎಂಬುದು ಗೊತ್ತಿತ್ತು. ಆದರೂ ಹದಿಮೂರರ ವಯಸ್ಸಿಗೆ ಮಾರ್ಚಿ ದಾಟುವುದೇ ಒಂದು ದೊಡ್ಡ ಗುಡ್ಡ ದಾಟಿದ ಹಾಗೆ ಕಾಣುತ್ತಿತ್ತು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಊರಿಗೆ ಶೂಟಿಂಗಿನವರು ಬಂದರು. ಕೆರೆ ಏರಿ, ಅರಳಿಕಟ್ಟೆ, ರಾಗಿ ಕಣ ಇವೆಲ್ಲ ಅವರಿಗೆ ಬೇಕಂತೆ. ನಾಲ್ಕು ದಿನದ ಕೆಲಸ. ಮುಖ್ಯ ಪಾತ್ರ ಹಂಸಲೀಲಾಳದು. ಆ ಹೆಸರು ಕಿವಿಗೆ ಬಿದ್ದ ಕೂಡಲೇ ಸೊಣ್ಣಪ್ಪ ನೆಲದ ಮೇಲೆ ನಿಲ್ಲಲಿಲ್ಲ. ಅವಳ ಪಿಕ್ಚರ್ ಯಾವ ಊರಿನ ಟೆಂಟಿಗೆ ಬಂದರೂ ಗಾಡಿ ಕಟ್ಟುತ್ತಿದ್ದ ಆಸಾಮಿ ಅವನು. ಅವಳ ಕ್ಯಾಲೆಂಡರು ಪಟ ಮನೆಯ ಗೋಡೆಯಲ್ಲಿ ತಿಮ್ಮಪ್ಪನ ಪಕ್ಕದಲ್ಲಿತ್ತು. ಊದುಬತ್ತಿ ಹಚ್ಚುವಾಗ ಒಂದು ಸುತ್ತು ಅವಳಿಗೂ ಸಲ್ಲುತ್ತಿತ್ತು. ಹೆಂಡತಿ ಏನಾದರೂ ಅಂದರೆ, ಕಲಾವಿದೆ ಕಣೇ, ಸರಸ್ವತಿ ಅಂಶ ಎಂದು ಬಾಯಿ ಮುಚ್ಚಿಸುತ್ತಿದ್ದ.

ಮೊದಲ ದಿನವೇ ಶೂಟಿಂಗಿನವರಿಗೆ ಒಂದು ತೊಡಕಾಯಿತು. ಹಂಸಲೀಲಾಳಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಾತುಗಳನ್ನು ಯಾರಾದರೂ ಓದಿ ಹೇಳಬೇಕು, ಅವಳು ಕೇಳಿಕೊಂಡು ಬಾಯಿಪಾಠ ಮಾಡಬೇಕು. ಓದಿ ಹೇಳುವವನು ಜ್ವರ ಬಂದು ಬೆಂಗಳೂರಲ್ಲೇ ಉಳಿದಿದ್ದ. ಊರಲ್ಲಿ ಚೆನ್ನಾಗಿ ಓದುವವರು ಯಾರಿದ್ದಾರೆ ಎಂದು ಕೇಳಿದಾಗ ಗೋಪಾಲಪ್ಪ ಮೇಷ್ಟ್ರು ಪಿಳ್ಳಮ್ಮನನ್ನು ಮುಂದಕ್ಕೆ ತಳ್ಳಿದರು.

ಹೊಂಗೆ ಮರದ ನೆರಳಲ್ಲಿ, ಮಡಿಸುವ ಕುರ್ಚಿಯ ಮೇಲೆ ಹಂಸಲೀಲಾ, ಕೆಳಗೆ ಚಾಪೆಯ ಮೇಲೆ ಪಿಳ್ಳಮ್ಮ. ಪಟದಲ್ಲಿ ಕಂಡದ್ದಕ್ಕಿಂತ ಆಕೆ ಸಣ್ಣಗಿದ್ದಳು. ಕತ್ತಿನ ಹತ್ತಿರ ಬಣ್ಣ ಬೆವರಿ ಗೆರೆಯಾಗಿತ್ತು. ಕಾಗದದಲ್ಲಿ ಒಂದು ದೊಡ್ಡ ಮಾತಿತ್ತು. ಎಳೆಯ ಹುಡುಗಿಯೊಬ್ಬಳ ಮದುವೆ ಚಪ್ಪರಕ್ಕೆ ನುಗ್ಗಿ ನಾಯಕಿ ಹೇಳುವ ಮಾತು. ಅದರ ಚಿತ್ರೀಕರಣ ಆಮೇಲೆ ಮದರಾಸಿನ ಸ್ಟುಡಿಯೋದಲ್ಲಿ ಆಗಬೇಕು, ಬಾಯಿಪಾಠ ಮಾತ್ರ ಈಗಿನಿಂದಲೇ. ಪಿಳ್ಳಮ್ಮ ಗಟ್ಟಿಯಾಗಿ ಓದಿದಳು:

“ಈ ಮಗುವಿನ ಕೊರಳು ತಾಳಿಯ ಭಾರ ಹೊರುವಷ್ಟು ಇನ್ನೂ ಬಲಿತಿಲ್ಲ. ಅವಳ ಕೈಗೆ ಪುಸ್ತಕ ಕೊಡಿ. ಅವಳ ದಾರಿಗೆ ಅಡ್ಡ ನಿಲ್ಲಬೇಡಿ.”

ಓದಿ ಮುಗಿಸಿದವಳು ಅದೇ ಸಾಲನ್ನು ಇನ್ನೊಮ್ಮೆ ಕಣ್ಣಲ್ಲೇ ಓದಿಕೊಂಡಳು. ಇಂಥ ಮಾತನ್ನು ಯಾರೋ ಕೂತು ಬರೆದಿದ್ದಾರೆ, ಇದನ್ನು ನಾಲ್ಕು ಜನರ ಮುಂದೆ ಹೇಳಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಹಂಸಲೀಲಾ ಹಿಂದೆ ಹಿಂದೆ ಹೇಳಿದಳು. ಪ್ರತಿ ಸಲವೂ ‘ಕೊರಳು’ ಎಂಬಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ನಾಲ್ಕನೇ ಸಲಕ್ಕೆ ಪಿಳ್ಳಮ್ಮ ತಡೆಯಲಾರದೆ ಹೇಳಿಯೇಬಿಟ್ಟಳು.

“ಅಲ್ಲಿ ಉಸ್ರು ತಗೋಬ್ಯಾಡಿ ಅಕ್ಕ. ಮಾತು ಮುರ್ದೋಯ್ತದೆ.”

ಸುತ್ತ ಇದ್ದವರು ಹೆದರಿದರು. ಹಂಸಲೀಲಾ ನಕ್ಕು ಹುಡುಗಿಯ ಗಲ್ಲ ಹಿಡಿದಳು. ಆಮೇಲೆ ಇವಳನ್ನೂ ಏರಿಯ ಮೇಲೆ ನನ್ನ ಜೊತೆ ನಡೆಸಿ ಎಂದು ಹೇಳಿ, ಕಂಪನಿಯ ಪೆಟ್ಟಿಗೆಯಿಂದ ದೊಡ್ಡ ಅಂಚಿನ ಹಳದಿ ಲಂಗ ಕೊಡಿಸಿದಳು. ಅಂದು ಸಂಜೆಯವರೆಗೆ ಪಿಳ್ಳಮ್ಮ ಬಿಂದಿಗೆ ಹೊತ್ತು ಹಂಸಲೀಲಾಳ ಪಕ್ಕದಲ್ಲಿ ಆರು ಸಲ ಕೆರೆ ಏರಿಯ ಮೇಲೆ ನಡೆದಳು.

ನಡುನಡುವೆ ಬಿಡುವಿದ್ದಾಗ ಆಕೆ ಮುಂದೇನು ಓದುತ್ತೀಯ ಎಂದು ಕೇಳಿದಳು. ಪಿಳ್ಳಮ್ಮ ಎಲ್ಲವನ್ನೂ ಹೇಳಿದಳು. ಹೊಸಕೋಟೆ, ಅಪ್ಪ, ಆಂಜಿನಪ್ಪ ಮಾವ, ಎಲ್ಲ. ಬಣವೆಯ ಸಂದಿಯ ಗುಟ್ಟೊಂದನ್ನು ಬಿಟ್ಟು. ತನ್ನನ್ನು ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದರು ಎಂದಳು ಹಂಸಲೀಲಾ. ನಿಮ್ಮಪ್ಪ ನನ್ನ ಮಾತು ಕೇಳುತ್ತಾರಾ ಎಂದು ಕೇಳಿದಳು.

“ದೇವ್ರು ಬಂದು ಹೇಳಿದ್ರೂ ಕೇಳಾಕಿಲ್ಲ ಅಕ್ಕ. ನೀವ್ ಹೇಳಿದ್ರೆ ಕೇಳ್ತಾರೆ.”

“ಹಾಗಾದ್ರೆ ಹೊರಡೋ ದಿನ ನಿಮ್ಮನೆಗೆ ಬರ್ತೀನಿ. ಹೇಳ್ತೀನಿ.”

ಪಿಳ್ಳಮ್ಮ ಆ ರಾತ್ರಿ ಮುದ್ದೆ ನುಂಗಿದ್ದೂ ಗೊತ್ತಾಗಲಿಲ್ಲ. ಇನ್ನು ಮೂರು ದಿನ ಹೇಗಾದರೂ ಕಳೆದರೆ ಸಾಕು, ಅಕ್ಕ ಬರುತ್ತಾಳೆ, ಒಂದು ಮಾತು ಹೇಳುತ್ತಾಳೆ, ಅಪ್ಪ ತಲೆ ಬಾಗಿಸುತ್ತಾನೆ.

ಎರಡನೇ ದಿನ ಮಧ್ಯಾಹ್ನ ಅವಳು ಅದೇ ಹಳದಿ ಲಂಗದಲ್ಲಿ ಊಟಕ್ಕೆ ಮನೆಗೆ ಬಂದಳು. ಜಗುಲಿಯಲ್ಲಿ ಕಾಳು ಆರಿಸುತ್ತಿದ್ದ ಅಜ್ಜಿ ಸಪ್ಪಲಮ್ಮ, ಒಳಗೆ ಕಾಲಿಡಲು ಹೋದ ಮೊಮ್ಮಗಳನ್ನು ಹಿಂದಿನಿಂದ ನೋಡಿದವಳೇ ಮೊರವನ್ನು ಕೆಳಗಿಟ್ಟು, ಅಲ್ಲೇ ನಿಲ್ಲು ಎಂದಳು. ಇದು ಎರಡನೆಯ ತಿಂಗಳೆಂದು ಪಿಳ್ಳಮ್ಮನಿಗೆ ಮಾತ್ರ ಗೊತ್ತು. ಮನೆಯವರಿಗೆ ಅದೇ ಮೊದಲು. ಮುನಿವೆಂಕಟಮ್ಮ ಸಂತೋಷಕ್ಕೋ ಸಂಕಟಕ್ಕೋ ಸೆರಗು ಬಾಯಿಗಿಟ್ಟುಕೊಂಡಳು. ಆಳು ಆಂಜಿನಪ್ಪನ ಊರು ಪಿಳ್ಳಗುಂಪೆಯ ಕಡೆಗೆ ಓಡಿದ. ಸಂಜೆಯ ಹೊತ್ತಿಗೆ ಆಂಜಿನಪ್ಪ ಸೈಕಲ್ಲಿನ ಹಿಂದೆ ಅತ್ತಿಸೊಪ್ಪು ಹೇರಿಕೊಂಡು ಬಂದು, ಸೋದರಮಾವ ಮಾಡಬೇಕಾದ ಶಾಸ್ತ್ರದಂತೆ ಅಂಗಳದ ಮೂಲೆಯಲ್ಲಿ ಹಸಿರು ಗುಡ್ಲು ಕಟ್ಟಿದ. ಹುಡುಗಿಯನ್ನು ಒಳಗೆ ಕೂರಿಸಿ ಬಾಗಿಲಿಗೆ ಅಡ್ಡಲಾಗಿ ಒನಕೆ ಇಟ್ಟರು. ಒಂಬತ್ತು ದಿನ ಹೊರಗೆ ಬರುವ ಹಾಗಿಲ್ಲ, ಗಂಡಸರ ಕಣ್ಣಿಗೆ ಬೀಳುವ ಹಾಗಿಲ್ಲ, ದನಿ ಎತ್ತುವ ಹಾಗಿಲ್ಲ.

ಮೊದಲ ಸಲ ನೆರೆದಾಗ ಉಟ್ಟ ಬಟ್ಟೆ ಮಡಿವಾಳರ ಹೆಂಗಸಿಗೆ ಸೇರಬೇಕು. ಅದು ಅವಳ ಹಕ್ಕು. ಸಪ್ಪಲಮ್ಮ ಕಂಪನಿಯ ಲಂಗವನ್ನು ಎಲೆ ಅಡಿಕೆ ಸಮೇತ ಕೊಟ್ಟು ಕಳಿಸಿಯೂ ಆಗಿತ್ತು. ಮಾರನೇ ಬೆಳಿಗ್ಗೆ ಕಂಪನಿಯ ಮ್ಯಾನೇಜರು ಬಂದು ತಲೆ ತಲೆ ಚಚ್ಚಿಕೊಂಡ. ನಿನ್ನೆ ಮೊನ್ನೆ ತೆಗೆದದ್ದರಲ್ಲೆಲ್ಲ ಆ ಅಂಚಿದೆ, ಇವತ್ತೂ ಅದೇ ಬೇಕು ಎಂದ. ಕೊಟ್ಟ ಬಟ್ಟೆ ವಾಪಸು ಕೇಳಿದರೆ ಹುಡುಗಿಗೆ ಕೇಡು, ಮಹಾರಾಜರೇ ಬಂದು ಕೇಳಿದರೂ ಆಗುವುದಿಲ್ಲ ಎಂದಳು ಅಜ್ಜಿ. ಕಂಪನಿಯವರು ಪಿಳ್ಳಮ್ಮನ ಗೆಳತಿ ಮುತ್ತಮ್ಮನಿಗೆ ಬೇರೆ ಲಂಗ ಉಡಿಸಿ ಎಲ್ಲವನ್ನೂ ಮತ್ತೆ ತೆಗೆದರು. ಪಿಳ್ಳಮ್ಮ ಎರಡು ದಿನ ನಡೆದದ್ದೆಲ್ಲ ಕಸಕ್ಕೆ ಹೋಯಿತು.

ಅದಕ್ಕೆ ಅವಳು ಅಳಲಿಲ್ಲ. ಎಳ್ಳುಬೆಲ್ಲದ ಚಿಗಳಿ ತಿನ್ನಿಸುವಾಗ ತಾಯಿ ಮಗಳ ಮುಖ ನೋಡಿ, ಎಷ್ಟು ಗಟ್ಟಿ ಹುಡುಗಿ ಎಂದುಕೊಂಡಳು. ಒಳಗೆ ಕೂತವಳ ಮನಸ್ಸೆಲ್ಲ ನಾಲ್ಕನೇ ದಿನದ ಮೇಲಿತ್ತು. ಪಿಕ್ಚರಿನಲ್ಲಿ ಕಾಣದಿದ್ದರೆ ಹೋಗಲಿ. ಗುಡ್ಲಲ್ಲಿ ಕೂತರೇನು, ಅಕ್ಕ ಮಾತು ಕೊಟ್ಟಿದ್ದಾಳೆ.

ಹಂಸಲೀಲಾ ಮಾತಿಗೆ ತಪ್ಪದೆ ಬಂದಳು. ಹೊತ್ತು ಮುಳುಗುವ ಮುಂಚೆ ಕಾರು ಮನೆಯ ಮುಂದೆ ನಿಂತಿತು. ಊರಿಗೆ ಊರೇ ಅಂಗಳದಲ್ಲಿ. ಹೆಂಗಸರು ಸಂಜೆಯ ಆರತಿಗೆ ಸೇರಿದ್ದರು. ಸೊಣ್ಣಪ್ಪ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡು ಬಾಗಿ ನಿಂತ. ಹುಡುಗಿ ಎಲ್ಲಿ ಎಂದು ಆಕೆ ಕೇಳಿದ್ದಕ್ಕೆ ಗುಡ್ಲಿನ ಕಡೆ ಕೈ ತೋರಿಸಿದ.

“ನಿಮ್ ಕಾಲ್ಗುಣ ಕಣಮ್ಮ. ನೀವು ಊರಿಗೆ ಕಾಲಿಟ್ರಿ, ನನ್ ಮಗ್ಳು ದೊಡ್ಡೋಳಾದ್ಲು. ಇವತ್ತಿನ ಆರ್ತಿ ನಿಮ್ ಕೈಯಲ್ಲೇ ಆಗ್ಬೇಕು.”

ಹೆಂಗಸರಲ್ಲಿ ಗುಸುಗುಸು ಎದ್ದಿತು. ಆರತಿ ಎತ್ತುವವಳು ಮುತ್ತೈದೆಯಾಗಿರಬೇಕು, ಈಕೆಗೆ ಮದುವೆ ಆಗಿದೆಯೋ ಇಲ್ಲವೋ ಎಂದು ಸಪ್ಪಲಮ್ಮ ಮಗನ ಕಿವಿಯಲ್ಲಿ ಕೇಳಿದಳು. ಸೊಣ್ಣಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನಾನೇ ಕಣ್ಣಾರೆ ಹತ್ತು ಪಿಕ್ಚರಲ್ಲಿ ನೋಡಿದ್ದೀನಿ, ಹತ್ತರಲ್ಲೂ ತಾಳಿ ಕಟ್ಟಿಸಿಕೊಂಡವಳೆ, ಅವಳಿಗಿಂತ ಮುತ್ತೈದೆ ಬೇಕಾ ನಿಮಗೆ. ಎಲ್ಲರಿಗೂ ಸರಿ ಎನ್ನಿಸಿತು. ಹಂಸಲೀಲಾಳ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಅಷ್ಟರಲ್ಲಿ ತಟ್ಟೆ ಕೈಗೆ ಬಂದಿತ್ತು.

ಪಿಳ್ಳಮ್ಮ ಸೊಪ್ಪಿನ ಸಂದಿಗೆ ಕಣ್ಣಿಟ್ಟು ಕೂತಿದ್ದಳು. ಎರಡು ಮೊಳ ದೂರದಲ್ಲಿ ಅಕ್ಕ.

“ಸೊಣ್ಣಪ್ಪನವರೇ, ನಿಮ್ಮ ಹುಡುಗಿ ತುಂಬ ಚೆನ್ನಾಗಿ ಓದ್ತಾಳೆ,” ಎಂದಳು ಹಂಸಲೀಲಾ.

“ಓದಿದ್ದು ಸಾಕು ಕಣಮ್ಮ. ವೈಶಾಖದಲ್ಲಿ ಧಾರೆ. ನಿಮ್ ಬಾಯಲ್ಲಿ ಒಂದು ಒಳ್ಳೆ ಮಾತು ಬಂದ್ರೆ ನಮ್ ಜನ್ಮ ಸಾರ್ಥಕ.”

ಹೊರಗೆ ಮ್ಯಾನೇಜರು ಕಾರಿನ ಹಾರನ್ನು ಒತ್ತಿದ. ಇನ್ನೂರು ಜನ ಆಕೆಯ ಬಾಯಿ ನೋಡುತ್ತಿದ್ದರು. ಆಕೆ ಬಾಯಿ ತೆರೆದಳು, ಮುಚ್ಚಿದಳು. ಬರೆದುಕೊಟ್ಟರೆ ಎಂಥ ಚಪ್ಪರಕ್ಕಾದರೂ ನುಗ್ಗುವ ಬಾಯಿ ಅದು. ಇಲ್ಲಿ ಬರೆದುಕೊಡುವವರು ಇರಲಿಲ್ಲ, ಓದಿ ಹೇಳುವವಳು ಗುಡ್ಲೊಳಗಿದ್ದಳು. ಹೆಂಗಸರು ಸೋಬಾನೆ ಎತ್ತಿಕೊಂಡರು. ತಟ್ಟೆ ಒಂದು ಸುತ್ತು ಬಂತು. ಎರಡನೇ ಸುತ್ತಿನಲ್ಲಿ ಪಿಳ್ಳಮ್ಮ ಶಾಸ್ತ್ರ ಮುರಿದು ದನಿ ಎತ್ತಿದಳು.

“ಅಕ್ಕ, ಆ ಮಾತು ಹೇಳಿ.”

ತಟ್ಟೆ ನಿಂತಿತು. ದೀಪದ ಬೆಳಕಲ್ಲಿ ಹಂಸಲೀಲಾಳ ಕಣ್ಣು ಸೊಪ್ಪಿನ ಸಂದಿಗೇ ಬಂತು. ಕೇಳಿಸಿತ್ತು, ಅದರಲ್ಲಿ ಅನುಮಾನವೇ ಇಲ್ಲ. ಸಪ್ಪಲಮ್ಮನಿಗೂ ಕೇಳಿಸಿರಬೇಕು, ಅವಳು ಸೋಬಾನೆಯ ದನಿಯನ್ನು ಇನ್ನಷ್ಟು ಏರಿಸಿದಳು. ಆಮೇಲೆ ತಟ್ಟೆ ಮತ್ತೆ ತಿರುಗಿತು, ಮೂರನೇ ಸುತ್ತು ಮುಗಿಯಿತು. ಒಳ್ಳೆಯದಾಗಲಿ, ಬೇಗ ಮದುವೆ ಊಟ ಹಾಕಿಸಿ ಎಂದು ನಕ್ಕು ಹಂಸಲೀಲಾ ಕಾರು ಹತ್ತಿದಳು. ಜನ ಚಪ್ಪಾಳೆ ತಟ್ಟಿದರು.

ಏಳನೇ ಕ್ಲಾಸಿನ ಪರೀಕ್ಷೆ ನಡೆದ ದಿನ ಪಿಳ್ಳಮ್ಮ ಮದುವೆಯ ಹಪ್ಪಳಕ್ಕೆ ಹಿಟ್ಟು ಕುಟ್ಟುತ್ತಿದ್ದಳು. ಗೋಪಾಲಪ್ಪ ಮೇಷ್ಟ್ರು ಒಂದು ಸಲ ಬಂದು ಜಗುಲಿಯಲ್ಲಿ ಕೂತು, ನೀರು ಕುಡಿದು ಎದ್ದು ಹೋದರು. ವೈಶಾಖದಲ್ಲಿ ಮದುವೆಯಾಯಿತು. ಹದಿನೈದಕ್ಕೆ ಒಂದು ಗಂಡು ಹುಟ್ಟಿ ಹನ್ನೊಂದು ದಿನ ಇದ್ದು ಹೋಯಿತು. ಹದಿನಾರಕ್ಕೆ ಒಂದು ಹೆಣ್ಣು. ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಆ ಪಿಕ್ಚರ್ ಕೊನೆಗೂ ನಂದಗುಡಿಯ ಟೆಂಟಿಗೆ ಬಂತು.

ಸೊಣ್ಣಪ್ಪ ಗಾಡಿ ಕಟ್ಟಿ ಎಲ್ಲರನ್ನೂ ಮೊದಲನೇ ಆಟಕ್ಕೆ ಕರೆದುಕೊಂಡು ಹೋದ. ಪರದೆಯ ಮೇಲೆ ತಮ್ಮ ಕೆರೆ ಏರಿ ಕಂಡಾಗ ಊರವರು ಕೂಗಿದರು. ಹಂಸಲೀಲಾಳ ಪಕ್ಕ ಬಿಂದಿಗೆ ಹೊತ್ತು ಮುತ್ತಮ್ಮ ನಡೆಯುತ್ತಿದ್ದಳು. ಆಮೇಲೆ ಮದುವೆಯ ಚಪ್ಪರ ಬಂತು. ಅಷ್ಟಕ್ಕೆ ಸರಿಯಾಗಿ ಮಗು ರಚ್ಚೆ ಹಿಡಿಯಿತು. ಸುತ್ತಲಿನವರು ಗದರಿದ್ದಕ್ಕೆ ಪಿಳ್ಳಮ್ಮ ಅದನ್ನೆತ್ತಿಕೊಂಡು ಹೊರಗೆ ಬಂದು ಟೆಂಟಿನ ಬಟ್ಟೆಗೆ ಒರಗಿ ನಿಂತು ಹಾಲೂಡಿಸಿದಳು. ಒಳಗಿನ ಮಾತು ಬಟ್ಟೆಯ ಈಚೆಗೂ ಚೆನ್ನಾಗಿ ಕೇಳುತ್ತಿತ್ತು. ಹಂಸಲೀಲಾ ಹೇಳುವುದಕ್ಕೆ ಮುಂಚೆಯೇ ಪಿಳ್ಳಮ್ಮನ ತುಟಿ ಅಲುಗುತ್ತಿತ್ತು. ಈ ಮಗುವಿನ ಕೊರಳು ತಾಳಿಯ ಭಾರ ಹೊರುವಷ್ಟು ಇನ್ನೂ ಬಲಿತಿಲ್ಲ. ಕೊರಳು ಎಂಬಲ್ಲಿ ಹಂಸಲೀಲಾ ಉಸಿರೆಳೆದುಕೊಳ್ಳಲಿಲ್ಲ. ಹೇಳಿಕೊಟ್ಟದ್ದನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದಳು. ಒಳಗೆ ಶಿಳ್ಳೆ, ಚಪ್ಪಾಳೆ ಹರಿದುಬಂದವು. ಪಿಳ್ಳಮ್ಮನಿಗೆ ಕಣ್ಣೀರೂ ಬರಲಿಲ್ಲ.

ಆಟ ಬಿಟ್ಟ ಮೇಲೆ ಸೊಣ್ಣಪ್ಪ ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದ. ಅತ್ತು ಅತ್ತು ಮೂಗೆಲ್ಲ ಕೆಂಪಾಗಿತ್ತು.

“ಎಂಥಾ ಮಾತು ಮಗ. ಕೇಳಿದ್ರೆ ಕಲ್ಲೂ ಕರಗ್ಬೇಕು. ಆ ಎಳೆ ಹುಡುಗೀನ ಮದ್ವೆ ಮಾಡಾಕೆ ಹೋಗಿದ್ನಲ್ಲ ಆ ಪಾಪಿ, ಅವನಿಗೆ ಸರಿಯಾಗಿ ಬುದ್ಧಿ ಹೇಳಿದ್ಲು.”

ಪಿಳ್ಳಮ್ಮ ಅಪ್ಪನ ಮುಖವನ್ನೇ ನೋಡಿದಳು. ಅವನಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಅತ್ತಿದ್ದ. ಅವನು ಮೊಮ್ಮಗಳನ್ನು ಎತ್ತಿಕೊಂಡು ಎದೆಗೊತ್ತಿಕೊಂಡ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

“ಇವ್ಳಿಗೆ ಹಂಸಲೀಲಾ ಅಂತ್ಲೇ ಹೆಸರಿಡಾಣ. ನಿನ್ಗೆ ಆರ್ತಿ ಎತ್ತಿದ ತಾಯಿ. ಏನಂತೀಯ?”

ಗಾಡಿಯಲ್ಲಿ ಕೂತಿದ್ದ ಅಜ್ಜಿ, ಅಮ್ಮ, ಎತ್ತಿನ ಹಗ್ಗ ಹಿಡಿದು ನಿಂತಿದ್ದ ಆಂಜಿನಪ್ಪ, ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಬೇಡ ಎನ್ನಬೇಕೆಂದು ಪಿಳ್ಳಮ್ಮ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಅವಳು ಹೂಂ ಎನ್ನುವಂತೆ ತಲೆಯಾಡಿಸಿ, ನಕ್ಕು, ಗಾಡಿ ಹತ್ತಿದಳು. ಮಗುವಿಗೆ ಅದೇ ಹೆಸರಾಯಿತು.