ಒಳಕೋಣೆಯ ಗಂಟೆ

ಅಪ್ಪ ಮತ್ತು ಮಾವ ಜಗಳವಾಡುತ್ತಿದ್ದಷ್ಟು ದಿನ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಅವರು ಬಾಯಿ ಮುಚ್ಚಿದ ಮೇಲೆ ಶುರುವಾಯಿತು ನೋಡಿ.

ಮಾವ ಅಂದರೆ ಅಮ್ಮನ ತಮ್ಮ, ಯೆಹೂದಿ. ಅಪ್ಪ ಕ್ರೈಸ್ತ. ಇಬ್ಬರೂ ಸೇರಿ ಪುಸ್ತಕ ಕಟ್ಟುವ ಅಂಗಡಿ ಇಟ್ಟಿದ್ದರು. ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ. ಹರಿದ ಧರ್ಮಗ್ರಂಥಗಳು ಎರಡೂ ಕಡೆಯವರಿಂದ ಬರುತ್ತಿದ್ದವು. ಒಂದೇ ಮೇಜು, ಒಂದೇ ಅಂಟಿನ ಡಬ್ಬಿ, ಬೆಳಗಿನಿಂದ ಸಂಜೆಯವರೆಗೆ ಒಂದೇ ಜಗಳ. ಅಪ್ಪ ಯೆಹೂದಿಗಳೂ ಓದುವ ಹಳೆಯ ಒಡಂಬಡಿಕೆ, ಕ್ರೈಸ್ತರಷ್ಟೇ ಓದುವ ಹೊಸ ಒಡಂಬಡಿಕೆ ಎರಡನ್ನೂ ಸೇರಿಸಿ ಹೊಲಿಯಲು ಕೂತರೆ, ಮಾವ ಕಣ್ಣು ತಪ್ಪಿಸಿ ನಡುವೆ ಒಂದು ಖಾಲಿ ಹಾಳೆ ತೂರಿಸಿಬಿಡುತ್ತಿದ್ದರು.

“ಹಳೇದಂತೆ ಹಳೇದು! ಅದೇನು ಸವೆದ ಚಪ್ಪಲೀನಾ ಭಾವ, ಹೊಸದು ಬಂತು ಅಂತ ಮೂಲೆಗೆ ಎಸೆಯೋಕೆ?”

“ಎಸೆಯೋದಿದ್ರೆ ಜೊತೇಲಿ ಯಾಕಯ್ಯಾ ಹೊಲೀತಿದ್ದೆ? ಮೂರನೇ ದಿನ ದೇವರು ಸಾವಿನಿಂದ ಎಬ್ಬಿಸ್ತಾನೆ ಅಂತ ನಿಮ್ಮ ಪ್ರವಾದೀನೇ ಹೇಳಿದ್ದಾನಲ್ಲ.”

“ಅದು ಒಂದಿಡೀ ಜನಾಂಗದ ಮಾತು ಭಾವ, ಒಬ್ಬನದ್ದಲ್ಲ. ಏಳೋದಿದ್ರೆ ಲೋಕದ ಕೊನೇ ದಿನ ಎಲ್ಲರೂ ಒಟ್ಟಿಗೆ ಏಳ್ತೀವಿ. ನಡುವೆ ಒಬ್ಬರೇ ಎದ್ದು ಓಡಾಡೋದು ನಮ್ಮಲ್ಲಿಲ್ಲ.”

“ಒಬ್ಬ ಎದ್ದಿದ್ದಾನೆ ಕಣಯ್ಯಾ. ಅದಕ್ಕೇ ಮಿಕ್ಕವರಿಗೆ ಧೈರ್ಯ.”

ಅಮ್ಮ ಅವರಿಬ್ಬರ ನಡುವೆ ಕೂತು ದಾರಕ್ಕೆ ಮೇಣ ಹಚ್ಚುತ್ತಿದ್ದಳು. “ನಾನು ಸತ್ತು ಎದ್ದು ಬಂದರೆ ಮೊದಲು ನಿಮ್ಮಿಬ್ಬರ ಬಾಯಿ ಹೊಲೀತೀನಿ. ಅದೂ ಎರಡೆಳೆ ದಾರದಲ್ಲಿ,” ಎನ್ನುತ್ತಿದ್ದಳು. ಆಮೇಲೆ ಮೂವರೂ ನಗುತ್ತಿದ್ದರು. ಮದುವೆಯಾದಾಗ ಅಮ್ಮ ತಲೆಗೆ ನೀರು ಹಾಕಿಸಿಕೊಂಡು ಕ್ರೈಸ್ತಳಾಗುವ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ. ತವರಿನವರ ಸಭಾಮಂದಿರಕ್ಕೂ ಹೋಗಲಿಲ್ಲ. ಯಾರಾದರೂ ಕೆದಕಿದರೆ, ದೇವರಿಗೆ ನಮ್ಮನೆ ದಾರಿ ಗೊತ್ತಿದೆ ಬಿಡಿ ಎಂದು ಮಾತು ಮುಗಿಸುತ್ತಿದ್ದಳು.

ಅಂಥವಳು ಹಾಸಿಗೆ ಹಿಡಿದಳು. ಶ್ವಾಸಕೋಶ ಕೆಟ್ಟಿತ್ತು. ದಿಂಬಿನಿಂದ ಸ್ವಲ್ಪ ಜಾರಿದರೂ ಸಾಕು, ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು, ಕೂಗಲೂ ಆಗುತ್ತಿರಲಿಲ್ಲ. ಅಂಗಡಿಯ ಮೇಜಿನ ಮೇಲಿದ್ದ ಕೈಗಂಟೆಯನ್ನು ತಂದು ಅವಳ ಕೈಗೆ ಕೊಟ್ಟೆ. ಅದು ಬಾರಿಸಿದರೆ ಯಾರಾದರೂ ಹೋಗಿ, ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು. ಅಷ್ಟೇ. ಉಸಿರು ತಾನಾಗಿ ಮರಳುತ್ತಿತ್ತು. “ಗಂಟೆ ಕೇಳಿದ ತಕ್ಷಣ ಹೋಗಿ,” ಅಂದಿದ್ದರು ಡಾಕ್ಟರು. “ತಡ ಮಾಡಿ ಆಮೇಲೆ ನನ್ನನ್ನ ಕರೀಬೇಡಿ.” ಹೊರಡುವಾಗ ಬಾಗಿಲ ಹತ್ತಿರ ದನಿ ತಗ್ಗಿಸಿ, ಇನ್ನು ಬಹಳ ದಿನ ಇಲ್ಲ ಎಂದೂ ಹೇಳಿದರು. ಆವತ್ತಿನಿಂದಲೇ ಜಗಳ ನಿಂತದ್ದು.

ಅಪ್ಪನ ಅಂಗಿ ಜೇಬಿನಲ್ಲಿ ಒಂದು ಪುಟ್ಟ ಬಾಟಲಿ ನೀರು ಕಾಣಿಸಿಕೊಂಡಿತು. ಮಾವನ ಕಡೆಯ ಇಬ್ಬರು, ಹೆಣ ತೊಳೆದು ಮಣ್ಣು ಮಾಡುವ ಸಂಘದವರು, ಎದುರಿನ ಚಹಾ ಅಂಗಡಿಯಲ್ಲಿ ದಿನಾ ಬಂದು ಕೂರತೊಡಗಿದರು. ಲೋಟ ಖಾಲಿಯಾದರೂ ಏಳುತ್ತಿರಲಿಲ್ಲ. ನಮ್ಮ ಕಿಟಕಿಯನ್ನೇ ನೋಡುತ್ತಿದ್ದರು. ಅಪ್ಪ ಹೋಗಿ ಪರದೆ ಎಳೆದರು. ಒಂದು ಮಧ್ಯಾಹ್ನ ಒಳಗೆ ಹೋದರೆ ಅಮ್ಮ ನಿದ್ದೆಯಲ್ಲಿದ್ದಳು, ಅಪ್ಪ ಅವಳ ತಲೆಯ ಬಳಿ ಮುಚ್ಚಳ ತೆಗೆದ ಬಾಟಲಿ ಹಿಡಿದು ನಿಂತಿದ್ದರು. ಹಿಂದೆ ಗೋಡೆಗೆ ಒರಗಿ ಮಾವ.

“ಮುಚ್ಚಳ ಹಾಕಿ ಭಾವ,” ಅಂದರು ಮಾವ, ತೀರ ಮೆತ್ತಗೆ.

“ಎದ್ದ ಮೇಲೆ ಕೇಳೋಣ ಅಂತಿದ್ದೆ ಅಷ್ಟೇ.”

“ಮುಚ್ಚಳ ಹಾಕಿ.”

ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಒಂದು ಕಟ್ಟುಪಾಡು ಬಂತು. ಯಾರೂ ಒಬ್ಬರೇ ಒಳಕೋಣೆಗೆ ಹೋಗುವ ಹಾಗಿಲ್ಲ. ಬಾಗಿಲ ಎರಡೂ ಬದಿಗೆ ಕುರ್ಚಿ ಹಾಕಿಕೊಂಡು ಕಾಯುತ್ತ ಕೂತರು. ನನ್ನ ಮೈ ಉರಿದುಹೋಯಿತು.

“ಅಮ್ಮ ಇನ್ನೂ ಬದುಕಿದ್ದಾಳೆ. ನಿಮಗೆ ನಾಚಿಕೆ ಅನ್ನೋದು ಇಲ್ವಾ?”

ಅಪ್ಪ ಅತ್ತೇಬಿಟ್ಟರು. “ನಾನು ಸಾವಿನಿಂದ ಎದ್ದಾಗ ಅವಳು ನನ್ನ ಜೊತೆ ಇರಬೇಕಲ್ಲ ಮಗಳೇ. ಕೊನೇ ಗಳಿಗೇಲಿ ಒಂದು ಸಲ ಹೂಂ ಅಂದ್ರೆ ಸಾಕು. ಯಾರು ನೀರು ಹಾಕಿದ್ರೂ ನಡೆಯುತ್ತಂತೆ.”

“ನೀರು ಬಿದ್ರೆ ನಮ್ಮೋರು ಅವಳನ್ನ ನಮ್ಮ ಸ್ಮಶಾನಕ್ಕೆ ಸೇರಿಸಲ್ಲ,” ಅಂದರು ಮಾವ. “ನಿಮ್ಮಜ್ಜಿ ಪಕ್ಕ ಜಾಗ ಇಟ್ಟಿದೀನಿ ಕಣೇ. ಕೊನೇ ದಿನ ಅಜ್ಜಿ ಎದ್ದು ಪಕ್ಕಕ್ಕೆ ತಿರುಗಿ, ಮಗಳೆಲ್ಲೋ ಅಂತ ಕೇಳಿದ್ರೆ ನಾನೇನು ಹೇಳಲಿ?”

ಏನು ಹೇಳುವುದು ಇಂಥವರಿಗೆ? ಒಬ್ಬರಾದರೂ ಕೆಟ್ಟವರಾಗಿದ್ದರೆ ಕತ್ತು ಹಿಡಿದು ಆಚೆ ದಬ್ಬಬಹುದಿತ್ತು. ಕೊನೆಗೆ ಅಮ್ಮನನ್ನೇ ಕೇಳಿದೆ, ನಿನಗೇನು ಬೇಕಮ್ಮ ಎಂದು.

“ಉಸಿರು,” ಅಂದಳು.

ಆವತ್ತು ಔಷಧಿ ಮುಗಿದಿತ್ತು. ತರಲು ನಾನೇ ಹೊರಟೆ. “ಗಂಟೆ ಬಾರಿಸಿದ್ರೆ ಎಬ್ಬಿಸಿ ಕೂರಿಸಿ. ಬೇಕಾದ್ರೆ ಕೈ ಕೈ ಹಿಡ್ಕೊಂಡು ಇಬ್ಬರೂ ಒಟ್ಟಿಗೆ ಹೋಗಿ,” ಅಂದೆ. ಇಬ್ಬರೂ ತಲೆಯಾಡಿಸಿದರು.

ವಾಪಸು ಬರುವಾಗ ಚಹಾ ಅಂಗಡಿಯ ಆ ಇಬ್ಬರು ಕೂತಿರಲಿಲ್ಲ. ಎದ್ದು ರಸ್ತೆಯ ಅಂಚಿಗೆ ಬಂದು ನಿಂತಿದ್ದರು. ನನ್ನನ್ನು ಕಂಡು ಒಬ್ಬ ಟೋಪಿ ಸರಿಮಾಡಿಕೊಂಡ. ನಾನು ಬಿರಬಿರನೆ ರಸ್ತೆ ದಾಟಿದೆ. ಮೆಟ್ಟಿಲು ಹತ್ತುತ್ತಿರುವಾಗ ಗಂಟೆ ಕೇಳಿಸಿತು. ಸದ್ಯ, ಯಾರೋ ಹೋಗಿರುತ್ತಾರೆ ಅಂದುಕೊಂಡೆ. ಮತ್ತೆ ಬಾರಿಸಿತು. ನಿಂತಿತು. ಮತ್ತೆ ಬಾರಿಸಿತು, ಬೇಗ ಬೇಗ. ನಾನು ಓಡಿದೆ. ಗಂಟೆ ನೆಲಕ್ಕೆ ಬಿದ್ದು ಉರುಳುವ ಸದ್ದು ಬಂತು.

ಅಪ್ಪ, ಮಾವ ಇಬ್ಬರೂ ಬಾಗಿಲಲ್ಲೇ ಇದ್ದರು. ಬಾಟಲಿ ಹಿಡಿದ ಅಪ್ಪನ ಮಣಿಕಟ್ಟನ್ನು ಮಾವ ಹಿಡಿದಿದ್ದರು. ಮಾವನ ಕೊರಳಪಟ್ಟಿ ಅಪ್ಪನ ಮುಷ್ಟಿಯಲ್ಲಿತ್ತು.

“ಬಾಟಲಿ ಕೆಳಗಿಡು!” ಮಾವ ಅಪ್ಪನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

“ಮೊದಲು ಬೀದೀಲಿರೋ ನಿನ್ನ ಜನಾನ ಕಳಿಸು. ಕೊನೇ ಉಸಿರು ಕಣೋ, ಬಿಡೋ!”

“ಕೊನೇದು ಅಂತಾನೇ ಬಿಡಲ್ಲ.”

ಅಯ್ಯೋ ದೇವರೇ, ಅದು ಕೊನೆಯುಸಿರಾಗಿರಲಿಲ್ಲ. ದಿನಾ ಬಾರಿಸುತ್ತಿದ್ದ ಅದೇ ಗಂಟೆ. ದಿಂಬಿನಿಂದ ಜಾರಿದ್ದಳು, ಎಬ್ಬಿಸಿ ಎಂದು ಕರೆದಿದ್ದಳು. ಇವರು ಕೊನೆಯ ಗಂಟೆಗಾಗಿ ಕಾದೂ ಕಾದೂ, ಇದೇ ಅದು ಅಂದುಕೊಂಡಿದ್ದರು.

ಇಬ್ಬರನ್ನೂ ತಳ್ಳಿಕೊಂಡು ಒಳಗೆ ನುಗ್ಗಿದೆ. ಅಮ್ಮ ಒಂದು ಬದಿಗೆ ಜಾರಿದ್ದಳು, ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಮಂಚ ಹತ್ತಿ, ಅವಳನ್ನು ಎಬ್ಬಿಸಿ ನನ್ನ ಎದೆಗೆ ಒರಗಿಸಿಕೊಂಡು ಬೆನ್ನು ಉಜ್ಜಿದೆ, ದಿನಾ ಮಾಡುತ್ತಿದ್ದ ಹಾಗೇ. ಉಜ್ಜುತ್ತಲೇ ಇದ್ದೆ, ಉಸಿರು ಮರಳಲಿಲ್ಲ. ತೋಳು ಸೋತು ಬಂದಾಗ ಅವಳನ್ನು ಮಲಗಿಸಿದೆ.

ತಲೆಯೆತ್ತಿ ನೋಡಿದರೆ ಬಾಟಲಿ ಹೊಸ್ತಿಲ ಮೇಲೆ ಬಿದ್ದು ನೀರೆಲ್ಲ ಚೆಲ್ಲಿತ್ತು. ಇಬ್ಬರೂ ಅದರಾಚೆಗೇ ನಿಂತಿದ್ದರು. ಮೂರನೇ ದಿನದ ಮಾತನ್ನು ಅಪ್ಪ ಎತ್ತಲಿಲ್ಲ, ಕೊನೇ ದಿನದ ಮಾತನ್ನು ಮಾವ ಎತ್ತಲಿಲ್ಲ.

“ಬನ್ನಿ ಒಳಗೆ,” ಅಂದೆ. “ಒಬ್ಬೊಬ್ಬರು ಒಂದೊಂದು ತೋಳು ಹಿಡೀರಿ. ಎಬ್ಬಿಸಿ ಕೂರಿಸಿ ಅವಳನ್ನ.”

“ಮಗಳೇ...”

“ಕೂರಿಸಿ ಅಂದ್ನಲ್ಲ!”

ಬಂದರು. ಆ ಕಡೆ ಅಪ್ಪ, ಈ ಕಡೆ ಮಾವ. ಕಂಕುಳಿಗೆ ಕೈಕೊಟ್ಟು ಎತ್ತಿದರು. ಅಮ್ಮನ ತಲೆ ಮಾವನ ಭುಜದ ಮೇಲೆ ವಾಲಿತು.

“ಅಕ್ಕ ಇಷ್ಟು ಹಗುರಾನಾ?” ಅಂದರು ಮಾವ.

“ಒಬ್ಬರೇ ಸಾಕಿತ್ತು ಮಾವ,” ಅಂದೆ.